ಓದಿ ಹೇಳದ ಕಾಗದ

ನನ್ನ ಅಕ್ಷರ ಚೆಂದ ಎಂದು ಯಾರಾದರೂ ಹೇಳಿದರೆ ಈಗ ನನಗೆ ಸಿಟ್ಟು ಬರುತ್ತದೆ. ಹೇಳಿದವರ ಮೇಲಲ್ಲ, ನನ್ನ ಕೈಯ ಮೇಲೆಯೇ. ಶಾಲೆಯಲ್ಲಿದ್ದಾಗ ಶುದ್ಧಬರಹದ ಬಹುಮಾನ ಪ್ರತಿ ವರ್ಷ ನನಗೇ ಬರುತ್ತಿತ್ತು. ಮದುವೆಯಾಗಿ ಬಂದ ಮೇಲೆ ಗಂಡನ ಮನೆಯ ಕಡೆಯವರೆಲ್ಲ ಲಗ್ನಪತ್ರಿಕೆಯ ವಿಳಾಸದಿಂದ ಹಿಡಿದು ಸೊಸೈಟಿಯ ಅರ್ಜಿಯವರೆಗೆ ನನ್ನಿಂದಲೇ ಬರೆಸುತ್ತಿದ್ದರು. “ಗಿರಿಜಾನ ಅಕ್ಷರ ಅಂದ್ರ ಅಚ್ಚು ಹಾಕಿದಂಗ ನೋಡ್ರಿ” ಎನ್ನುತ್ತಿದ್ದರು. ನಾನೂ ಉಬ್ಬುತ್ತಿದ್ದೆ.

ಮಗಳ ಶಾಲೆಗೆಂದು ನಾವೀಗ ನವಲಗುಂದದಲ್ಲಿದ್ದೇವೆ. ಮೊನ್ನೆ ಮನೆಯ ಉತಾರದ ಕಾಗದ ಬೇಕಾಗಿ ಊರಿಗೆ ಹೋಗಿದ್ದೆ. ಪಂಚಾಯತಿಗೆ ಕೀಲಿ ಹಾಕಿತ್ತು. ಎಲ್ಲರೂ ಶಾಲೆಯ ಅಂಗಳದಲ್ಲಿ ಇದ್ದಾರೆ, ಗ್ರಾಮಸಭೆ ನಡೆದಿದೆ ಎಂದರು. ಅಲ್ಲಿಗೆ ಹೋದೆ. ಪೆಂಡಾಲಿನ ಬಾಗಿಲಲ್ಲೇ ಒಂದು ಮೇಜು, ಅದರ ಮೇಲೆ ಹಾಜರಿ ಪುಸ್ತಕ, ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಇಂಕಿನ ಪ್ಯಾಡು. ಆ ಪ್ಯಾಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತುಬಿಟ್ಟವು. ಸಹಿ ಹಾಕಲು ನಿಂತ ಸಾಲಿನಲ್ಲಿ ನಾಲ್ಕನೆಯವಳಾಗಿ ಫಕೀರವ್ವ ನಿಂತಿದ್ದಳು. ನಾನು ಪೆಂಡಾಲಿನ ಕಂಬದ ಹಿಂದೆ ಸರಿದುಕೊಂಡೆ.

ಎರಡು ವರ್ಷದ ಹಿಂದೆ ಆಕೆ ಈ ಪಂಚಾಯತಿಯ ಅಧ್ಯಕ್ಷೆಯಾಗಿದ್ದಳು. ಒಂದೇ ಮಳೆಗಾಲ. ಖರೇ ಹೇಳಬೇಕೆಂದರೆ ಪೂರ್ತಿ ಮಳೆಗಾಲವೂ ಅಲ್ಲ.

ಆಗ ನಾನು ಅದೇ ಪಂಚಾಯತಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಕೆಲಸ ಕೊಡಿಸಿದವರು ನನ್ನ ಗಂಡನ ಕಾಕಾ, ಶಂಕರಗೌಡರು. ಊರಿನಲ್ಲಿ ದೊಡ್ಡ ಹೊಲದವರು, ಮೂರು ಸಲದಿಂದ ಪಂಚಾಯತಿ ಮೆಂಬರು. ಹಣೆಗೆ ಮೂರು ಬೆರಳಿನ ವಿಭೂತಿ, ಬಾಯಿಯಲ್ಲಿ ಯಾವಾಗಲೂ ಮೆತ್ತನೆಯ ಮಾತು. ಯಾರಿಗೂ ಬೈದವರಲ್ಲ. ನನಗೆ ಮಗಳಿಗಿಂತ ಹೆಚ್ಚು ಮರ್ಯಾದೆ ಕೊಟ್ಟವರು. ಅದನ್ನು ಈಗಲೂ ಇಲ್ಲವೆನ್ನಲಾರೆ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಬಂತು. ನಮ್ಮ ಪಂಚಾಯತಿಗೆ ಪರಿಶಿಷ್ಟ ಜಾತಿಯ ಮಹಿಳೆ. ಅಂದು ಸಂಜೆ ನಮ್ಮ ಪಡಸಾಲೆಯಲ್ಲಿ ನಾಲ್ಕೈದು ಮೆಂಬರುಗಳು ಮುಖ ಇಳಿಬಿಟ್ಟುಕೊಂಡು ಕೂತಿದ್ದರು. ಕಾಕಾ ಮಾತ್ರ ಆರಾಮಾಗಿ ಬಸಿಯಲ್ಲಿ ಚಹಾ ಸುರುವಿಕೊಂಡು ಊದಿ ಕುಡಿಯುತ್ತಿದ್ದರು.

“ತಲಿ ಯಾಕ ಕೆಡಿಸ್ಕೋತೀರಿ? ಖುರ್ಚಿ ಅವರದಾಗಲಿ. ಪಂಚಾಯ್ತಿ ನಮ್ಮದ ಐತೆಲ್ಲ” ಎಂದರು.

ಎಲ್ಲರೂ ನಕ್ಕರು. ಒಳಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆ ಮೀಸಲಾತಿಗೆ ಹೊಂದುವ ಹೆಣ್ಣುಮಕ್ಕಳು ಮೆಂಬರುಗಳಲ್ಲಿ ಇಬ್ಬರೇ ಇದ್ದರು. ನಮ್ಮೂರ ಕೆಳಗೇರಿಯ ಫಕೀರವ್ವ, ಬಾಜೂ ಊರಿನ ಮಂಜವ್ವ. ಇಬ್ಬರನ್ನೂ ಮೆಂಬರು ಮಾಡಿದ್ದು ಕಾಕಾನೇ. ಇಬ್ಬರಿಗೂ ಅರ್ಧರ್ಧ ಅವಧಿ, ಮೊದಲು ಫಕೀರವ್ವ ಎಂದು ತೀರ್ಮಾನವಾಯಿತು. “ಪಾಪ, ಬಾಯಿ ಇಲ್ಲದಾಕಿ” ಎಂದರು ಕಾಕಾ. ಅದು ಅವರ ತಪ್ಪು ಲೆಕ್ಕ. ಅವರ ಅಂಗಳದಲ್ಲಿ ಸೆರಗು ಹೊದ್ದು ಸುಮ್ಮನೆ ನಿಲ್ಲುವ ಫಕೀರವ್ವನನ್ನಷ್ಟೇ ಅವರು ನೋಡಿದ್ದರು. ನಾನು ಆಕೆಯನ್ನು ಹೊಲದಲ್ಲಿ ನೋಡಿದ್ದೆ. ಇಪ್ಪತ್ತು ಹೆಣ್ಣಾಳು ಕಟ್ಟಿಕೊಂಡು ಹೆಸರುಕಾಳಿನ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದಳು. ಸಾಲಿನ ತಲೆಗೆ ನಿಂತು ಕೂಗಿದರೆ ಆಚೆ ಹೊಲದವರೂ ಎದ್ದು ನೋಡಬೇಕು.

“ಏ ಲಕ್ಷ್ಮೀ, ಸಾಲ ಬಿಟ್ಟು ಎತ್ತಾಗ ಹೊಂಟಿಬೇ? ಕಳೆ ಕೀಳಾಕ ಬಂದೀಯೋ, ಹೆಸರ ಕೀಳಾಕ ಬಂದೀಯೋ?”

ಎಲ್ಲರೂ ನಗುತ್ತಿದ್ದರು, ಲಕ್ಷ್ಮಿಯೂ ನಗುತ್ತಿದ್ದಳು. ಆದರೆ ಸಾಲು ಮತ್ತೆ ನೆಟ್ಟಗಾಗುತ್ತಿತ್ತು.

ಫಕೀರವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ನಮ್ಮ ಪಿಡಿಓ ತುಮಕೂರು ಕಡೆಯವರು, ಎರಡು ಪಂಚಾಯತಿಯ ಚಾರ್ಜು ಇಟ್ಟುಕೊಂಡು ವಾರಕ್ಕೆರಡು ದಿನ ಬರುತ್ತಿದ್ದ ಪುಕ್ಕಲು ಮನುಷ್ಯ. ಅವರು ನನ್ನನ್ನು ಕರೆದು ಹೇಳಿದರು, “ಮೇಡಂ, ಆಯಮ್ಮನಿಗೆ ಸಹಿ ಮಾಡೋದು ಕಲಿಸಿಬಿಡಿ. ಹೆಬ್ಬೆಟ್ಟಾದ್ರೆ ಪ್ರತಿಯೊಂದು ಕಾಗದಾನೂ ಓದಿ ಹೇಳ್ಬೇಕು, ‘ಓದಿ ಹೇಳಲಾಗಿದೆ’ ಅಂತ ಬರೀಬೇಕು, ಸಾಕ್ಷಿ ಹಾಕಿಸ್ಬೇಕು. ದೊಡ್ಡ ತಲೆನೋವು. ಸಹಿ ಆದ್ರೆ ಯಾವ ರಗಳೆನೂ ಇಲ್ಲ.”

ಕಲಿಸಿದೆ. ಎಂಟು ದಿನ, ಹಳೆಯ ಮತದಾರರ ಪಟ್ಟಿಯ ಹಿಂಬದಿಯಲ್ಲಿ. ಆಕೆಯ ಬೆರಳುಗಳು ಕಳೆ ಕೀಳುವ ಕುರ್ಪಿ ಹಿಡಿದು ಹಿಡಿದು ಗಟ್ಟಿಯಾಗಿದ್ದವು, ಪೆನ್ಸಿಲ್ಲು ಪಟ್ಟನೆ ಮುರಿಯುತ್ತಿತ್ತು. “ಇದು ಭಾಳ ಸಣ್ಣದೈತ್ರಿ ಅಕ್ಕಾರ, ಕೈಯಾಗ ಇದ್ದದ್ದ ತಿಳಿಯಂಗಿಲ್ಲ” ಎನ್ನುತ್ತಿದ್ದಳು. ನನಗಿಂತ ಹದಿನೈದು ವರ್ಷ ದೊಡ್ಡವಳು ನನ್ನನ್ನು ಅಕ್ಕಾರ ಎನ್ನುವುದು, ನಾನು ಆಕೆಯನ್ನು ಹೆಸರು ಹಿಡಿದು ಕರೆಯುವುದು, ಇದರಲ್ಲಿ ನಮಗಿಬ್ಬರಿಗೂ ಏನೂ ವಿಶೇಷ ಕಂಡಿರಲಿಲ್ಲ. ಹೊಲಕ್ಕೆ ಹೋದಾಗಲೂ ಹಸಿ ಎರೆಮಣ್ಣಿನ ಮೇಲೆ ಕುರ್ಪಿಯ ತುದಿಯಿಂದ ಬರೆದು ಬರೆದು ರೂಢಿ ಮಾಡಿಕೊಂಡಳು. ಎಂಟನೆಯ ದಿನ ಕಾಗದದ ಮೇಲೆ ಪೂರ್ತಿ ಹೆಸರು ಮೂಡಿತು. ಫ ಸ್ವಲ್ಪ ಬಾಗಿತ್ತು, ವ್ವ ಗೆರೆಯ ಕೆಳಗೆ ಇಳಿದಿತ್ತು. ಆಕೆ ಅದನ್ನು ಎಷ್ಟು ಹೊತ್ತು ನೋಡಿದಳೆಂದರೆ ನನಗೇ ಕಣ್ಣು ತುಂಬಿ ಬಂದವು.

ಆಯ್ಕೆಯ ದಿನ ಬೆಳಿಗ್ಗೆ ಕಾಕಾ ನನ್ನನ್ನು ತಮ್ಮ ಮನೆಗೆ ಕರೆಸಿದರು. ಫಕೀರವ್ವ ಆಗಲೇ ಬಂದು ಪಡಸಾಲೆಯ ಮೆಟ್ಟಿಲ ಕೆಳಗೆ ಕೂತಿದ್ದಳು. ಹೊಸ ಹಸಿರು ಸೀರೆ ಉಟ್ಟಿದ್ದಳು. ಕಾಕಾ ನನ್ನ ಕೈಗೆ ಒಂದು ಬಿಳಿ ಹಾಳೆ ಕೊಟ್ಟರು.

“ಬರಿಯವಾ ಗಿರಿಜಾ. ನನ್ನ ಆರೋಗ್ಯ ಸರಿ ಇಲ್ಲದ ಕಾರಣ ಅಧ್ಯಕ್ಷ ಸ್ಥಾನಕ್ಕ ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡಾಕತ್ತೇನಿ ಅಂತ. ತಾರೀಖ ಹಾಕಬ್ಯಾಡ. ಆ ಜಾಗಾ ಖಾಲಿ ಬಿಡು.”

ನನ್ನ ಪೆನ್ನು ಒಂದು ಗಳಿಗೆ ನಿಂತದ್ದು ನೆನಪಿದೆ. ಕಾಕಾ ನಕ್ಕರು. “ಅರ್ಧ ಅವಧಿ ಆದಮ್ಯಾಲ ಮಂಜವ್ವಗ ಬಿಟ್ಟು ಕೊಡಬೇಕಲ್ಲ? ಆಗ ತಕರಾರ ಬ್ಯಾಡ ಅಂತ. ಎಲ್ಲಾ ಊರಾಗೂ ಹಿಂಗ ಬರಿಸಿ ಇಟ್ಕೋತಾರ.”

ಅದು ಸುಳ್ಳಲ್ಲ. ಅವಧಿ ಹಂಚಿಕೊಂಡ ಕಡೆಯಲ್ಲೆಲ್ಲ ಹೀಗೆ ಮೊದಲೇ ಬರೆಸಿ ಹಿರಿಯರ ಟ್ರಂಕಿನಲ್ಲಿ ಇಡುವುದುಂಟು. ಹತ್ತು ಜನ ಮಾಡುವುದನ್ನು ನಾನೂ ಮಾಡಿದೆ. ಒತ್ತಕ್ಷರಗಳನ್ನು ಒಪ್ಪವಾಗಿ ಇಳಿಸಿ, ಎರಡೂ ಬದಿ ಅಂಚು ಬಿಟ್ಟು ಚೆಂದಾಗಿ ಬರೆದೆ. ಮೆಟ್ಟಿಲಿಳಿದು ಹೋಗಿ ಹಾಳೆಯನ್ನು ಫಕೀರವ್ವನ ಮುಂದಿಟ್ಟೆ.

“ಇದೇನ್ರಿ ಅಕ್ಕಾರ?” ಎಂದಳು.

ಈಗಲೂ ಆ ಪ್ರಶ್ನೆ ಕಿವಿಯಲ್ಲಿದೆ. ಓದಿ ಹೇಳಲು ಅರ್ಧ ನಿಮಿಷ ಸಾಕಿತ್ತು. ಮೇಲೆ ಕಾಕಾ ಕೂತಿದ್ದರು, ಹೊರಗೆ ಹಲಗೆ ಬಾರಿಸುವವರು ಬಂದಿದ್ದರು, ಎಲ್ಲರಿಗೂ ಗಡಿಬಿಡಿ. “ಏನಿಲ್ಲ ಫಕೀರವ್ವ, ಒಂದು ಒಪ್ಪಂದದ ಕಾಗದ” ಎಂದೆ. ಆಕೆ ಮತ್ತೆ ಕೇಳಲಿಲ್ಲ. ನಾನು ಕಲಿಸಿದ್ದೆನಲ್ಲ, ನಾನು ಹೇಳಿದರೆ ಮುಗಿಯಿತು. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ರೂಢಿಯ ಹಾಳೆ ಬಿಟ್ಟು ಬೇರೊಂದು ಕಾಗದದ ಮೇಲೆ ಆಕೆ ಮಾಡಿದ ಮೊದಲ ಸಹಿ ಅದು. ಮಾಡಿ, ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು. “ಬರೋಬರಿ ಬಂತೇನ್ರಿ?”

“ಅಗದೀ ಬರೋಬರಿ” ಎಂದೆ.

ಮಧ್ಯಾಹ್ನ ಅವಿರೋಧ ಆಯ್ಕೆಯಾಯಿತು. ಆಕೆ ಅಧ್ಯಕ್ಷೆ, ಕಾಕಾ ಉಪಾಧ್ಯಕ್ಷರು. ಗುಲಾಲು ಹಾರಿತು. ಕೆಳಗೇರಿಯ ಹೆಣ್ಣುಮಕ್ಕಳು ಪಂಚಾಯತಿಯ ಒಳಗೆ ಬಂದು ಗೋಡೆ, ಫ್ಯಾನು, ಕಂಪ್ಯೂಟರು ಎಲ್ಲ ನೋಡಿ ಹೋದರು. ಅವರಲ್ಲಿ ಬಹಳ ಮಂದಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು.

ಮೊದಲ ಒಂದು ತಿಂಗಳು ಆಕೆ ಖುರ್ಚಿಯಲ್ಲಿ ಕೂಡಲಿಲ್ಲ, ಬಾಗಿಲ ಪಕ್ಕದ ಬೆಂಚಿನ ತುದಿಗೆ ಕೂಡುತ್ತಿದ್ದಳು. ಕರೆದಲ್ಲಿ ಬಂದು ಸಹಿ ಮಾಡುತ್ತಿದ್ದಳು. ಆಕೆಯನ್ನು ಏನೆಂದು ಕರೆಯಬೇಕೆಂಬುದೇ ಆಫೀಸಿನವರಿಗೆಲ್ಲ ದೊಡ್ಡ ಪೇಚಾಟ. ನಿನ್ನೆಯವರೆಗೆ “ಏ ಫಕೀರವ್ವ” ಎಂದ ಬಾಯಲ್ಲಿ “ಬರ್ರಿ ಅಧ್ಯಕ್ಷರ” ಹೊರಡುತ್ತಿರಲಿಲ್ಲ. ಅದಕ್ಕೆ ಯಾರೂ ಏನೂ ಕರೆಯದೆ ಮೇಜು ಕುಟ್ಟಿ, ಕೆಮ್ಮಿ, ಕೆಲಸ ಸಾಗಿಸುತ್ತಿದ್ದರು. ಬೇರೆಯವರನ್ನು ಯಾಕೆ ಅನ್ನಲಿ? ನೋಡಿ, ಇದನ್ನು ಬರೆಯುವಾಗಲೂ ಕಾಕಾ ಎಂದರೆ ‘ಅವರು’ ಎಂದು ತಾನಾಗಿ ಬರುತ್ತದೆ, ಫಕೀರವ್ವ ಎಂದರೆ ‘ಆಕೆ’ ಎಂದೇ ಬರುತ್ತದೆ.

ಆಫೀಸಿನಲ್ಲಿ ಚಹಾಕ್ಕೆ ಗಾಜಿನ ಗ್ಲಾಸುಗಳಿದ್ದವು. ಆಕೆ ಅಧ್ಯಕ್ಷೆಯಾದ ವಾರದಿಂದ ಕಾಗದದ ಕಪ್ಪು ಬಂದವು. ಯಾರು ತರಿಸಿದರು, ಯಾಕೆ ತರಿಸಿದರು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಒಂದು ದಿನ ಫಕೀರವ್ವ ಕಪ್ಪನ್ನು ತಿರುತಿರುಗಿಸಿ ನೋಡುತ್ತ, “ನಾ ಬಂದಮ್ಯಾಲ ಪಂಚಾಯ್ತ್ಯಾಗ ಇಷ್ಟರ ಸುಧಾರಣಿ ಆತ ನೋಡ್ರಿ ಅಕ್ಕಾರ” ಎಂದಳು. ನಾನು ಕಂಪ್ಯೂಟರಿನ ಪರದೆಯಲ್ಲಿ ಮುಖ ಹುದುಗಿಸಿದೆ.

ಶ್ರಾವಣದಲ್ಲಿ ಜಡಿಮಳೆ ಹಿಡಿಯಿತು. ನಮ್ಮ ಎರೆಹೊಲದ ಮಳೆ ನೋಡದವರಿಗೆ ಹೇಳಿದರೆ ತಿಳಿಯುವುದಿಲ್ಲ. ಎರಡು ಹೆಜ್ಜೆಗೆ ಕಾಲಿಗೆ ಒಂದೊಂದು ಸೇರು ಮಣ್ಣು ಹತ್ತುತ್ತದೆ, ಕಿತ್ತು ಇಟ್ಟರೆ ಮತ್ತೆ ಹತ್ತುತ್ತದೆ. ಮನೆಗಳ ಪಟ್ಟಿ ಬರೆದುಕೊಳ್ಳಲು ಒಂದು ದಿನ ಕೆಳಗೇರಿಗೆ ಹೋಗಿದ್ದೆ. ಅಂದು ಅಲ್ಲಿ ಒಬ್ಬ ಮುದುಕ ತೀರಿಕೊಂಡಿದ್ದ. ಅವರ ಮಸಣ ಊರಾಚೆ ಹಳ್ಳದ ದಂಡೆಯಲ್ಲಿದೆ, ಅಲ್ಲಿಗೆ ದಾರಿಯೇ ಇಲ್ಲ. ಹೊಲದ ಬದುವಿನ ಮೇಲೆ ಹೋಗಬೇಕು. ನಾಲ್ವರು ಚಟ್ಟ ಹೊತ್ತು ಮೊಣಕಾಲುದ್ದ ಕೆಸರಿನಲ್ಲಿ ಹೊರಟಿದ್ದರು. ನಾನು ನೋಡುತ್ತಿದ್ದಂತೆಯೇ ಮುಂದಿನವನೊಬ್ಬ ಜಾರಿ ಬಿದ್ದ, ಚಟ್ಟ ವಾಲಿತು. ಹಿಂದೆ ಬರುತ್ತಿದ್ದ ಫಕೀರವ್ವ ಕಚ್ಚೆ ಬಿಗಿದು ಓಡಿ ಹೋಗಿ ಹೆಗಲು ಕೊಟ್ಟಳು. ಹೆಣ್ಣುಮಕ್ಕಳು ಹೆಗಲು ಕೊಡುವ ಪದ್ಧತಿ ಇಲ್ಲ. ಅಂದು ಯಾರೂ ಬೇಡವೆನ್ನಲಿಲ್ಲ.

ಆಮೇಲೆ ಮೈತುಂಬ ಕೆಸರಿನಲ್ಲಿ ಬಂದು ನನ್ನ ಎದುರು ನಿಂತಳು. “ನನ್ನ ಗಂಡನ್ನೂ ಹ್ವಾದ ಮಳಿಗಾಲದಾಗ ಹಿಂಗ ಒಯ್ದ್ರು ಅಕ್ಕಾರ. ಎರಡು ಸರ್ತಿ ಬಿದ್ದ. ಬದುಕಿದ್ದಾಗ ಒಂದ ದಿನ ಕುಡದು ಬೀಳಲಿಲ್ಲ ಅಂವ. ಸತ್ತಮ್ಯಾಲ ಬಿದ್ದ.”

ಮರುದಿನ ಪಂಚಾಯತಿಗೆ ಬಂದವಳೇ ಸೀದಾ ಹೋಗಿ ಖುರ್ಚಿಯಲ್ಲಿ ಕೂತಳು. ಆ ಖುರ್ಚಿಯಲ್ಲಿ ಆಕೆ ಬೆನ್ನು ಆನಿಸಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. “ನಮ್ಮ ಮಸಣಕ್ಕ ದಾರಿ ಕಾಗದದಾಗ ಐತೇನ್ರಿ? ಹುಡುಕ್ರಿ” ಎಂದಳು. ಕಪಾಟಿನ ಮೇಲಿದ್ದ ಊರ ನಕಾಶೆಯನ್ನು ಇಳಿಸಿ ಧೂಳು ಝಾಡಿಸಿ ಹಾಸಿದೆ. ಕೆಳಗೇರಿಯಿಂದ ಹಳ್ಳದವರೆಗೆ ಎರಡು ಗೆರೆ, ನಡುವೆ ‘ಬಂಡಿದಾರಿ’ ಎಂದು ಬರೆದಿತ್ತು. ಆಕೆಯ ಬೆರಳು ಹಿಡಿದು ಆ ಗೆರೆಯ ಮೇಲೆ ಆಡಿಸಿದೆ. ಆಕೆ ಮತ್ತೊಮ್ಮೆ ತಾನೇ ಆಡಿಸಿದಳು.

ಆ ದಾರಿ ಈಗ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು. ವರ್ಷ ವರ್ಷ ಒಂದೊಂದು ಸಾಲು ಒತ್ತಿ ಒತ್ತಿ ಅದು ಕಾಕಾನ ಹೊಲದೊಳಗೆ ಸೇರಿಹೋಗಿತ್ತು. ಅಲ್ಲಿ ಆಗ ಹೆಸರು ಬೆಳೆದು ನಿಂತಿತ್ತು. ಅದರ ಕಳೆ ತೆಗೆದವಳೂ ಫಕೀರವ್ವನೇ.

ಮುಂದಿನ ಸಾಮಾನ್ಯ ಸಭೆಯಲ್ಲಿ ಆಕೆ ಅದನ್ನು ಎತ್ತಿದಳು. ಎದ್ದು ನಿಲ್ಲಲಿಲ್ಲ, ಕೂತೇ ಹೇಳಿದಳು. “ನಮ್ಮ ಮಸಣದ ದಾರಿ ತಗೀಬೇಕ್ರಿ. ನಕಾಶ್ಯಾಗ ಐತಿ.”

ಮೆಂಬರುಗಳೆಲ್ಲ ಕಾಕಾನ ಮುಖ ನೋಡಿದರು. ಕಾಕಾ ಮೆತ್ತಗೆ ನಕ್ಕರು. “ಮಾಡೂಣು, ಮಾಡೂಣು. ಯಾರು ಒಲ್ಲೆ ಅಂದಾರ? ಸುಗ್ಗಿ ಮುಗೀಲಿ, ಆಮ್ಯಾಲ ನೋಡೂಣು.”

“ಹೆಣ ಸುಗ್ಗಿ ಮುಗಿಯೂತನಕ ಕಾಯ್ತಾವೇನ್ರಿ ಗೌಡ್ರ?”

ಫಕೀರವ್ವ ಪಿಡಿಓ ಕಡೆ ತಿರುಗಿದಳು. ಹೊಲದ ಸಾಲಿನ ತಲೆಗೆ ನಿಂತಾಗಿನ ದನಿಯಲ್ಲೇ, “ಬರೀರಿ ಸಾಹೇಬ್ರ” ಎಂದಳು. ಪಿಡಿಓ ಒಮ್ಮೆ ಕಾಕಾನನ್ನು, ಒಮ್ಮೆ ಆಕೆಯನ್ನು ನೋಡಿ, ಬೆವರು ಒರೆಸಿಕೊಂಡು ಬರೆದರು. ಬಂಡಿದಾರಿಯನ್ನು ಅಳತೆ ಮಾಡಿಸಿ ತೆರವು ಮಾಡುವುದು ಎಂದು ಠರಾವಾಯಿತು. ಪುಸ್ತಕ ಆಕೆಯ ಮುಂದೆ ಬಂತು. ಆಕೆ ನಿಧಾನಕ್ಕೆ ಸಹಿ ಮಾಡಿದಳು, ಎಲ್ಲರೂ ಕಾದರು. ನನಗೆ ಅಂದು ಎಷ್ಟು ಹಿಗ್ಗಾಗಿತ್ತೆಂದರೆ ಮನೆಗೆ ಹೋಗಿ ಅತ್ತೆಯ ಮುಂದೆ ಹೇಳಿಬಿಟ್ಟೆ. ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈ ನಿಲ್ಲಿಸದೆ, “ಭಾಳ ಖುಷಿ ಪಡಬ್ಯಾಡ ತಂಗಿ, ನೀ ಯಾರ ಮನಿ ಸೊಸಿ ಅನ್ನೂದು ನೆನಪಿರಲಿ” ಎಂದರು.

ಹೆಸರು ಕೊಯ್ಲು ಮುಗಿದು, ಕಾಕಾ ಹಿಂಗಾರಿಗೆ ಕಡಲೆ ಬಿತ್ತಲು ಹೊಲ ಹದ ಮಾಡಿಸುತ್ತಿದ್ದರು. ಆ ವಾರದ ಟಪಾಲಿನಲ್ಲಿ ಮೇಲಿನ ಆಫೀಸಿನ ಒಂದು ಲಕೋಟೆ ಬಂತು. ಒಡೆದವಳು ನಾನೇ. ಒಳಗೆ ಒಂದು ಜೆರಾಕ್ಸ್ ಪ್ರತಿ. ಒತ್ತಕ್ಷರಗಳು ಒಪ್ಪವಾಗಿ ಇಳಿದಿದ್ದವು. ಎರಡೂ ಬದಿಗೆ ಅಂಚು ಬಿಟ್ಟಿತ್ತು. ಕೆಳಗೆ ಬಾಗಿದ ಫ, ಗೆರೆ ಬಿಟ್ಟು ಇಳಿದ ವ್ವ. ನಾನು ಖಾಲಿ ಬಿಟ್ಟ ಜಾಗದಲ್ಲಿ ಬೇರೆ ಯಾರದೋ ಕೈಯಲ್ಲಿ ತಾರೀಖು ಬಿದ್ದಿತ್ತು.

ಅವಿಶ್ವಾಸ ತರಲು ಕಾಯ್ದೆಯಲ್ಲಿ ಇನ್ನೂ ವೇಳೆ ಬಂದಿರಲಿಲ್ಲ. ರಾಜೀನಾಮೆಗೆ ಅಂಥ ಅಡ್ಡಿಯಿಲ್ಲ. ಕೊಟ್ಟವರೇ ಬಂದು ಗಡುವಿನೊಳಗೆ ವಾಪಸು ತೆಗೆದುಕೊಳ್ಳದಿದ್ದರೆ ತಾನಾಗಿ ಜಾರಿಗೆ ಬರುತ್ತದೆ. ಗಡುವಿಗೆ ಇನ್ನೂ ಐದು ದಿನ ಇತ್ತು.

ಅಂದು ಸಂಜೆ ಕಾಕಾ ನಮ್ಮ ಮನೆಗೆ ಊಟಕ್ಕೆ ಬಂದರು. ನಾನೇ ಬಡಿಸಿದೆ. ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ ಹೇಳಿದರು, “ಆ ಕಾಗದ ಬಂದಿರಬೇಕಲ್ಲವಾ? ಯಾರರ ಕೇಳಿದ್ರ, ಅಕಿನ ಹೇಳಿ ಬರಿಸ್ಯಾಳ ಅನ್ನು. ಬರದಾಕಿ ನೀನ ಅಲ್ಲ? ನಿನಗ ತ್ರಾಸ ಆಗಬಾರ್ದು ಅಂತ ಹೇಳಾಕತ್ತೇನಿ.” ಆಮೇಲೆ ಪಲ್ಯ ಚೊಲೊ ಆಗಿದೆ ಎಂದು ಹೊಗಳಿ ಇನ್ನೊಮ್ಮೆ ಹಾಕಿಸಿಕೊಂಡರು. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

ಎರಡು ದಿನ ನಾನು ಆ ಲಕೋಟೆಯನ್ನು ಡ್ರಾವರಿನಲ್ಲಿಟ್ಟುಕೊಂಡು ಕೂತೆ. ಫಕೀರವ್ವ ಆ ಎರಡೂ ದಿನ ಆಫೀಸಿಗೆ ಬಂದಳು, ಸರ್ವೇಯರು ಯಾವಾಗ ಬರುತ್ತಾನೆ ಎಂದು ಕೇಳಿದಳು. “ಬರ್ತಾರ ತಡಿ” ಎಂದೆ. ಅಂಜಿಕೆ. ಕೆಲಸದ ಅಂಜಿಕೆ, ಮನೆಯ ಅಂಜಿಕೆ, ನಾನೇ ಬರೆದೆ ಎನ್ನುವ ಅಂಜಿಕೆ. ಆ ಎರಡು ದಿನ ಮಾತ್ರ ಕಾಕಾನ ಲೆಕ್ಕಕ್ಕೆ ಬರುವುದಿಲ್ಲ, ಅವು ನನ್ನವು.

ಮೂರನೆಯ ದಿನ ತಡೆಯಲಾಗದೆ ಹೇಳಿಬಿಟ್ಟೆ. ಪ್ರತಿಯನ್ನು ಮುಂದಿಟ್ಟು, ಮೊದಲ ಸಲ, ಪೂರ್ತಿ ಓದಿ ಹೇಳಿದೆ. ಮುಗಿದ ಮೇಲೆ ಆಕೆ ತನ್ನ ಸಹಿಯ ಮೇಲೆ ಬೆರಳಿಟ್ಟಳು.

“ಇದು ನನ್ನ ಕೈ. ಇದು ನಿಮ್ಮ ಕೈ. ಅಲ್ಲೇನ್ರಿ ಅಕ್ಕಾರ?”

“ಹೌದು” ಎಂದೆ.

ಬೈಯಲಿ, ಕೂಗಲಿ ಎಂದು ಕಾದೆ. ಆಕೆ ಒಂದು ಹಾಳೆ ನನ್ನ ಮುಂದೆ ಸರಿಸಿದಳು. “ನಾ ಬಿಟ್ಟಿಲ್ಲ ಅಂತ ಬರೀರಿ. ಹಂಗ ಚಂದಾಗಿ ಬರೀರಿ. ನಾಳಿ ಇಬ್ಬರೂ ಹೋಗೂಣು.”

ಬರೆದೆ. ಈ ಸಲ ಓದಿ ಹೇಳಿ ಸಹಿ ಹಾಕಿಸಿದೆ. ಅಂದು ರಾತ್ರಿಯಿಂದ ಬೆಳಗಿನವರೆಗೆ ಹುಬ್ಬಳ್ಳಿ, ಕುಂದಗೋಳದ ಕಡೆ ಹುಚ್ಚುಮಳೆ ಹೊಡೆಯಿತು. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದರೆ ಬಸ್ಸೇ ಇಲ್ಲ. ಬೆಣ್ಣಿಹಳ್ಳ ತುಂಬಿ ಬಂದಿತ್ತು. ನಮ್ಮೂರಿಗೂ ದೊಡ್ಡ ರಸ್ತೆಗೂ ನಡುವಿನ ತಗ್ಗಿನ ಸೇತುವೆಯ ಮೇಲೆ ಕೆಂಪು ನೀರು ಭೋರೆಂದು ಹರಿಯುತ್ತಿತ್ತು. ಊರಿನ ಇನ್ನೊಂದು ಬದಿಯ ಹೊಲದ ದಾರಿಯಲ್ಲಿ ಟ್ರ್ಯಾಕ್ಟರೂ ಹೋಗುವಂತಿರಲಿಲ್ಲ. ಪಿಡಿಓಗೆ ಫೋನು ಹಚ್ಚಿದೆ. “ಖುದ್ದಾಗಿ ಹಾಜರಾಗಿ ಕೊಡ್ಬೇಕು ಮೇಡಂ, ನನ್ನನ್ನು ಇದರಲ್ಲಿ ಎಳೀಬೇಡಿ” ಎಂದು ಇಟ್ಟುಬಿಟ್ಟರು. ಆಮೇಲೆ ಅವರ ಫೋನು ಹತ್ತಲಿಲ್ಲ.

ಮೂರು ದಿನ ಹಳ್ಳ ಇಳಿಯಲಿಲ್ಲ. ಮೂರೂ ದಿನ ಫಕೀರವ್ವ ಬೆಳಿಗ್ಗೆ ಆ ಹಸಿರು ಸೀರೆ ಉಟ್ಟು, ಅರ್ಜಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ಸೇತುವೆಯ ಈಚೆ ದಂಡೆಗೆ ಬಂದು ಕೂಡುತ್ತಿದ್ದಳು. ನಾನು ಪಕ್ಕದಲ್ಲಿ ಕೂಡುತ್ತಿದ್ದೆ. ನೀರಿನಲ್ಲಿ ಹತ್ತಿಗಿಡ, ಹೊಟ್ಟು, ಒಂದು ಸಲ ಸತ್ತ ಎಮ್ಮೆ, ಹೀಗೆ ಏನೇನೋ ತೇಲಿ ಹೋಗುತ್ತಿದ್ದವು. ಇಬ್ಬರಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಆ ಎರಡು ದಿನ ಮೊದಲೇ ಹೇಳಿದ್ದರೆ ಎಂದು ನನ್ನ ತಲೆಯಲ್ಲಿ ಅದೊಂದೇ ಕೊರೆಯುತ್ತಿತ್ತು. ಆಕೆ ಒಂದು ಸಲವೂ ಅದನ್ನು ಆಡಿ ತೋರಿಸಲಿಲ್ಲ.

ನಾಲ್ಕನೆಯ ದಿನ ಧಾರವಾಡ ಮುಟ್ಟಿದೆವು. ಮೇಲಿನ ಆಫೀಸಿನ ಸಾಹೇಬರು ಒಳ್ಳೆಯವರು, ಕೂಡಲು ಹೇಳಿದರು. ಫೈಲು ತರಿಸಿ ಕಾಗದ ತೋರಿಸಿದರು. “ಸಹಿ ನಿಮ್ಮದೇನಮ್ಮ?”

“ಹೌದ್ರಿ, ನಂದ ಐತಿ.”

“ಗಡುವು ನಿನ್ನೆಗೆ ಮುಗಿದಿದೆ. ವಾಪಸು ತಗೊಳ್ಳೋಕೆ ಬರೋದಿಲ್ಲ.” ಫೈಲು ಮುಚ್ಚಿ ಕೇಳಿದರು, “ಮೋಸ ಮಾಡಿ ಬರೆಸಿಕೊಂಡಿದ್ದರೆ ಹೇಳಿ, ವಿಚಾರಣೆ ಮಾಡಿಸೋಣ. ಇದನ್ನು ಬರೆದವರು ಯಾರು? ಅವರು ಬಂದು ಹೇಳಿಕೆ ಕೊಡ್ತಾರಾ?”

ಫಕ್ಕನೆ ನನ್ನ ಕೈ ಸೆರಗಿನೊಳಗೆ ಹೋಯಿತು. ಫಕೀರವ್ವ ತಿರುಗಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ನನಗೂ ಬಾಯಿ ಇತ್ತು. ನಾನೇ ಬರೆದದ್ದು, ಓದಿ ಹೇಳಲಿಲ್ಲ ಎಂದು ಒಂದು ಮಾತು.

“ಗೊತ್ತಿಲ್ರಿ ಸಾಹೇಬ್ರ” ಎಂದಳು ಫಕೀರವ್ವ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಣ್ಣಿಗೇರಿ ಬರುವ ಹೊತ್ತಿಗೆ ಹೇಳಿದಳು, “ಅಳಬ್ಯಾಡ್ರಿ. ನಿಮ್ಮ ಹೆಸರ ಹೇಳಿದ್ರ ನಿಮ್ಮನ್ನ ಆ ಮನಿಯಾಗ ಇಟ್ಕೋತಿದ್ರೇನ್ರಿ? ನಂದೇನೈತಿ, ನಾಳಿ ಕುರ್ಪಿ ತಗೊಂಡ ಕಳೇಕ ಹೋಗತೇನಿ. ನೀವೆಲ್ಲಿ ಹೋಗ್ತೀರಿ?”

ಮಂಜವ್ವ ಅಧ್ಯಕ್ಷೆಯಾದಳು. ದಾರಿಯ ಠರಾವು ಮುಂದಿನ ಸಭೆಗೆ, ಅದರ ಮುಂದಿನ ಸಭೆಗೆ ಹೋಯಿತು. ‘ಮುಂದೂಡಲಾಗಿದೆ’ ಎಂದು ನಾನೇ ಟೈಪು ಮಾಡಿದೆ. ಆ ಬಂಡಿದಾರಿಯ ಮೇಲೆ ಕಾಕಾನ ಕಡಲೆ ಹುಲುಸಾಗಿ ಬಂತು. ಮರು ಯುಗಾದಿಗೆ ಕೆಲಸ ಬಿಟ್ಟು ನವಲಗುಂದಕ್ಕೆ ಬಂದೆ. ಮಗಳ ಶಾಲೆ ಎಂದೆನಲ್ಲ, ಅದು ಅರ್ಧ ಮಾತು.

ಮೊನ್ನೆ ಕಂಬದ ಹಿಂದೆ ನಿಂತು ನೋಡುತ್ತಿದ್ದೆ. ಫಕೀರವ್ವನ ಪಾಳಿ ಬಂತು. ಮೇಜಿನಲ್ಲಿದ್ದ ಹೊಸ ಆಪರೇಟರ್ ಹುಡುಗಿ ಪೆನ್ನು ಚಾಚಿದಳು.

“ಒಲ್ಲೆರಿ. ಹೆಬ್ಬೆಟ್ಟ ಒತ್ತತೇನಿ.”

“ಯಾಕ, ನಿನಗ ಸಹಿ ಬರತೈತೆಲ್ಲ? ಪಂಚಾಯ್ತಿ ಗ್ವಾಡಿ ಮ್ಯಾಲ ಅಧ್ಯಕ್ಷರ ಪಟ್ಯಾಗ ನಿನ್ನ ಹೆಸರೈತಿ.”

“ಮರತೇನ್ರಿ” ಎಂದಳು ಫಕೀರವ್ವ. ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ಪುಸ್ತಕದ ಮೇಲೆ ಇಡದೆ ಹಾಗೇ ಮೇಲೆ ಹಿಡಿದಳು. “ಹೆಬ್ಬೆಟ್ಟಿನವರಿಗೆ ಓದಿ ಹೇಳಬೇಕಂತರಿ. ಸಹಿ ಬರೂವರಿಗೆ ಯಾರೂ ಹೇಳಂಗಿಲ್ಲ. ಓದ್ರಿ, ಮ್ಯಾಲಿಂದ ಓದ್ರಿ.”

ಹುಡುಗಿ ಕಕ್ಕಾಬಿಕ್ಕಿಯಾಗಿ, ಪುಟದ ತಲೆಗೆ ಬರೆದಿದ್ದ ಸಭೆಯ ವಿಷಯಗಳನ್ನು ಓದತೊಡಗಿದಳು. ಹಿಂದಿನ ಸಾಲು ಗೊಣಗಿತು. ವೇದಿಕೆಯ ಮೇಲೆ ಕಾಕಾ ಗಡಿಯಾರ ನೋಡಿಕೊಂಡರು. ಫಕೀರವ್ವ ಕೊನೆಯ ಶಬ್ದದವರೆಗೆ ಕೇಳಿ, ಹೂಂ ಎಂದು, ಹೆಬ್ಬೆಟ್ಟು ಒತ್ತಿದಳು. ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ತಿರುಗಿದಾಗ ನನ್ನನ್ನು ಕಂಡಳು.

“ಆರಾಮ ಅದೀರೇನ್ರಿ ಅಕ್ಕಾರ?”

“ಆರಾಮ್ರಿ” ಎಂದೆ. ಆಕೆಗೆ ನಾನು ‘ರಿ’ ಹಚ್ಚಿದ್ದು ಅದೇ ಮೊದಲು. ಆಕೆ ಅದನ್ನು ಗಮನಿಸಿದಂತೆ ಕಾಣಲಿಲ್ಲ.

“ಓದಿ ಹೇಳಲಾಗಿದೆ ಅಂತ ಬರೀಬೇಕಲ್ಲ, ಸಾಕ್ಷಿ ಯಾರು?” ಎಂದು ಹುಡುಗಿ ಸುತ್ತ ನೋಡಿದಳು. ಯಾರೂ ಮುಂದೆ ಬರಲಿಲ್ಲ.

“ಅಕ್ಕಾರ ಬರೀತಾರ ಕೊಡ್ರಿ” ಎಂದಳು ಫಕೀರವ್ವ. “ಅವರ ಅಕ್ಷರ ಭಾಳ ಚೊಲೊ ಐತಿ.”

ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ, ಆಕೆಯ ಮುಖ ನೋಡಿ ತಿಳಿಯುವ ಧೈರ್ಯ ನನಗಾಗಲಿಲ್ಲ. ಹುಡುಗಿ ಪೆನ್ನು ಕೊಟ್ಟಳು. ಇನ್ನೂ ಹಸಿಯಿದ್ದ ಆ ಹೆಬ್ಬೆಟ್ಟಿನ ಪಕ್ಕದಲ್ಲಿ ‘ಓದಿ ಹೇಳಲಾಗಿದೆ’ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಅಕ್ಷರ ಈ ಸಲವೂ ಚೆಂದವೇ ಬಂದವು.